ಪೆಂಡಿಂಗ್‌ನಲ್ಲಿರೋ ಒಂದು ಫ್ರೆಂಡ್ ರಿಕ್ವೆಸ್ಟ್



ಉದ್ದಕ್ಕೆ ಬರೆದು ತುಂಬಾ ದಿನ ಆಯ್ತು. ಈ ನಡುವೆ ನನ್ನ ವಾಲ್‌ನಲ್ಲಿ ಯಾರದೋ ಹುಟ್ಟುಹಬ್ಬ, ಯಾರದೋ ಶ್ರದ್ಧಾಂಜಲಿ, ಯಾವುದೋ ಕಾರ್ಯಕ್ರಮದ ಫೋಟೊ, ಇಷ್ಟೇ. ಇವತ್ತು ಭಾನುವಾರ. ಆಫೀಸ್ ಇಲ್ಲ. ದೊಡ್ಡನೆಕ್ಕುಂದಿಯಲ್ಲಿ ಬೆಳಗ್ಗೆಯಿಂದ ಕರೆಂಟೂ ಇಲ್ಲ. ಫೋನ್‌ನಲ್ಲಿ ನಲವತ್ತು ಪರ್ಸೆಂಟ್ ಚಾರ್ಜ್ ಇದೆ, ಅದು ಮುಗಿಯೋದ್ರೊಳಗೆ ಬರೆದು ಮುಗಿಸಬೇಕು. ಒಂದೇ ವಿಷಯ ಅಂತಿಲ್ಲ. ಆನ್‌ಲೈನ್‌ನಲ್ಲಿ ಕಂಡ ಚಿತ್ರ ವಿಚಿತ್ರ, ನಮ್ಮ ಏರಿಯಾದ ರಾಜಕೀಯ, ಕೊನೆಗೆ ನಮ್ಮನೆಯದೊಂದು ಮಾತು. ನಿಜ ಹೇಳ್ಬೇಕಂದ್ರೆ ಆ ಕೊನೇ ಮಾತು ಹೇಳೋಕೆ ಧೈರ್ಯ ಸಾಲದೆ ಸುತ್ತಿ ಬಳಸಿ ಬರ್ತಿದೀನಿ. ಸಹಿಸ್ಕೊಳ್ಳಿ.

ಮೊದಲು ಗುಂಡಿ ವಿಷಯ.

2025ರ ಸೆಪ್ಟೆಂಬರ್‌ನಲ್ಲಿ ಬ್ಲ್ಯಾಕ್‌ಬಕ್ ಕಂಪನಿಯ ಯಜಮಾನರು ರಾಜೇಶ್ ಯಬಾಜಿ ಎಕ್ಸ್‌ನಲ್ಲಿ ನಾಲ್ಕು ಸಾಲು ಬರೆದ್ರು. ಒಂಬತ್ತು ವರ್ಷದಿಂದ ಬೆಳ್ಳಂದೂರಿನ ಔಟರ್ ರಿಂಗ್ ರೋಡ್ ನಮಗೆ ಆಫೀಸೂ ಹೌದು ಮನೆಯೂ ಹೌದು, ಈಗ ಒಂದು ಕಡೆಯ ಪ್ರಯಾಣಕ್ಕೇ ಒಂದೂವರೆ ಗಂಟೆ ಮೇಲೆ ಹಿಡೀತಿದೆ, ಗುಂಡಿ ಧೂಳು ಸಾಕಾಯ್ತು, ಇಲ್ಲಿಂದ ಹೊರಡ್ತೀವಿ ಅನ್ನೋ ಅರ್ಥದಲ್ಲಿ. ಅಷ್ಟೇ ತಡ. ಆಂಧ್ರದ ಮಂತ್ರಿ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಅಂತ ಕರೆದ್ರು. ನಮ್ಮ ಡಿಸಿಎಂ ಡಿ.ಕೆ. ಶಿವಕುಮಾರ್ ಗುಂಡಿ ಮುಚ್ಚೋಕೆ ನವೆಂಬರ್ ಗಡುವು ಕೊಟ್ರು. ಟಿವಿಯವರಿಗೆ ವಾರಗಟ್ಟಲೆ ಊಟ.

ಅವರು ಬರೆದದ್ದು ಸುಳ್ಳಲ್ಲ. ಅದೇ ರೋಡಲ್ಲಿ ನಾನೂ 500ಡಿ ಬಸ್ಸಲ್ಲಿ ನೇತಾಡ್ಕೊಂಡು ಹೋಗೋನು. ಮೆಟ್ರೊ ಕಂಬಗಳು ಎದ್ದು ನಿಂತು ಎಷ್ಟು ಕಾಲ ಆಯ್ತು, ಕೆಳಗೆ ನಾವು ನಿಂತಲ್ಲೇ ನಿಂತಿದೀವಿ. ಆದ್ರೆ ಅವರ ಪೋಸ್ಟ್ ಓದ್ತಾ ನನಗೆ ಬಂದ ಯೋಚನೆ ಬೇರೆ. ನಮ್ಮ ಬೀದಿಯ ಚರಂಡಿ ಬಗ್ಗೆ ನಾವು ಬಾಡಿಗೆದಾರರು ಸೇರಿ ನಾಲ್ಕು ಅರ್ಜಿ ಕೊಟ್ಟಿದೀವಿ. ನಾಲ್ಕಕ್ಕೂ ಸೀಲ್ ಹಾಕಿದ ಪ್ರತಿ ನನ್ನ ಹತ್ರ ಇದೆ. ನಾನು ಗುಮಾಸ್ತ, ಪ್ರತಿ ಇಟ್ಕೊಳ್ಳೋದು ನನ್ನ ರೋಗ. ನಾಳೆ ನಾನೂ ಒಂದು ಪೋಸ್ಟ್ ಹಾಕಿ, ದೊಡ್ಡನೆಕ್ಕುಂದಿ ಸಹವಾಸ ಸಾಕು, ಹೊರಡ್ತೀನಿ ಅಂದ್ರೆ ಯಾವ ರಾಜ್ಯದ ಮಂತ್ರಿ ಕರೀತಾರೆ? ಮಾಲೂರಿನ ನಮ್ಮಮ್ಮ ಕರೀಬಹುದು. ಅವರ ಹತ್ರ ಎಕ್ಸ್ ಖಾತೆ ಇಲ್ಲ.

ಆನ್‌ಲೈನ್‌ನಲ್ಲಿ ಎಲ್ಲರೂ ಸಮ, ಎಲ್ಲರಿಗೂ ಒಂದೇ ಡಬ್ಬಿ, ಒಂದೇ ಅಕ್ಷರದ ಸೈಜು ಅಂತಾರೆ. ಡಬ್ಬಿ ಒಂದೇ, ಒಪ್ಪಿದೆ. ಕೇಳೋ ಕಿವಿ ಬೇರೆ ಬೇರೆ.

*

ಎರಡನೇದು ಹಳೇ ಕಥೆ, ಮೊನ್ನೆ ಮಗಳು ನೆನಪಿಸಿದ್ಲು. 2021ರ ಜೂನ್ ತಿಂಗಳು. ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಗೂಗಲ್‌ನಲ್ಲಿ ಇಂಗ್ಲಿಷಲ್ಲಿ ಕೇಳಿದ್ರೆ ದಪ್ಪ ಅಕ್ಷರದಲ್ಲಿ ಕನ್ನಡ ಅಂತ ಬರ್ತಿತ್ತು. ಲಾಕ್‌ಡೌನ್ ಟೈಮು, ಎಲ್ಲರ ಕೈಯಲ್ಲೂ ಫೋನು. ಒಂದೇ ದಿನದಲ್ಲಿ ನಾಡಿಗೆ ನಾಡೇ ಎದ್ದು ನಿಂತಿತು. ಆಗ ಕನ್ನಡ ಸಂಸ್ಕೃತಿ ಮಂತ್ರಿ ಆಗಿದ್ದೋರು ನಮ್ಮ ಮಹದೇವಪುರದ ಶಾಸಕರೇ ಆಗಿದ್ದ ಅರವಿಂದ ಲಿಂಬಾವಳಿ. ಅವರು ಲೀಗಲ್ ನೋಟಿಸ್ ಕೊಡ್ತೀವಿ ಅಂದ್ರು. ಗೂಗಲ್ ಆ ಉತ್ತರ ತೆಗೆದುಹಾಕಿ ಕ್ಷಮೆ ಕೇಳಿತು.

ನನಗೂ ಸಿಟ್ಟು ಬಂದಿತ್ತು, ನಾನೂ ಬೈದು ಪೋಸ್ಟ್ ಹಾಕಿದ್ದೆ. ಆಮೇಲೆ ಕೂತು ಯೋಚನೆ ಮಾಡಿದ್ರೆ, ಗೂಗಲ್ ಮಷೀನು ತಾನೇ ಯೋಚಿಸಿ ಹೇಳಿದ್ದೇನಲ್ಲ ಅದು. ಯಾರೋ ತಲೆಕೆಟ್ಟೋನು ಯಾವುದೋ ಕಸದ ಪುಟದಲ್ಲಿ ಒಂದು ಸಾಲು ಗೀಚಿದ್ದ. ಪ್ರಶ್ನೆಗೂ ಆ ಸಾಲಿಗೂ ಪದ ಹೊಂದಿಕೆ ಆಯ್ತು, ಮಷೀನು ಅದನ್ನ ಎತ್ತಿ ಮೇಲಿಟ್ಟು ಇದೇ ಉತ್ತರ ಅಂತು. ಯಾರು ಬರೆದ್ರು, ಯಾಕೆ ಬರೆದ್ರು, ನಿಜಾನಾ, ಯಾವುದನ್ನೂ ಕೇಳಲಿಲ್ಲ. ಪ್ರಶ್ನೆಯೇ ತಪ್ಪು ಅಂತ ಅದಕ್ಕೆ ಗೊತ್ತಾಗೋದು ಹೇಗೆ?

ಸ್ನೇಹಿತರೇ, ಇದು ನಮಗೆ ಹೊಸದಾ? ಯಾರೋ ಒಬ್ಬ ಯಾವತ್ತೋ ಗೀಚಿದ ಸಾಲನ್ನ ಎತ್ತಿ ಮೇಲಿಟ್ಟು, ಇವರು ಕೊಳಕು ಇದೇ ಉತ್ತರ ಅಂತ ನಮ್ಮ ಕೇರಿಗಳ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿ ಎಷ್ಟು ಕಾಲ ಆಯ್ತು? ಕನ್ನಡಕ್ಕೆ ಒಂದೇ ದಿನದಲ್ಲಿ ಕ್ಷಮೆ ಸಿಕ್ತು, ಸಂತೋಷ, ಅದು ನನ್ನ ಭಾಷೆ. ಅದೇ ವಾರ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಕನ್ನಡಕ್ಕೆ ಅವಮಾನ ಅಂತ ಕಣ್ಣೀರಿಟ್ಟೋರೇ, ಅದಕ್ಕೆ ಮುಂಚೆ ಕೋಟಾ ಡಾಕ್ಟ್ರ ಹತ್ರ ಆಪರೇಷನ್ ಮಾಡಿಸ್ಕೋಬೇಡಿ ಅನ್ನೋ ಜೋಕು ಫಾರ್ವರ್ಡ್ ಮಾಡಿದ್ರು. ಅವರಿಗೆ ನಗು, ನನಗೆ ಹೊಟ್ಟೆ ಉರಿ. ಆದ್ರೆ ನಾನೇನು ಬರೆದೆ ಆ ಗ್ರೂಪಲ್ಲಿ? ಏನೂ ಬರೀಲಿಲ್ಲ. ಈ ಏನೂ ಬರೀದೇ ಇರೋದಿದೆಯಲ್ಲ, ಅದನ್ನ ಜ್ಞಾಪಕ ಇಟ್ಕೊಳ್ಳಿ, ಮುಂದೆ ಬರುತ್ತೆ.

*

ಒಂದು ವಿಡಿಯೊ ಏನು ಮಾಡಬಹುದು ಅನ್ನೋದಕ್ಕೆ ನಮ್ಮ ಏರಿಯಾದ್ದೇ ಉದಾಹರಣೆ ಇದೆ. 2020ರ ಜನವರಿ. ಬೆಳ್ಳಂದೂರು ಹತ್ರ ಕರಿಯಮ್ಮನ ಅಗ್ರಹಾರದ ಜೋಪಡಿಗಳ ವಿಡಿಯೊ ಒಂದು ಓಡಾಡ್ತು. ಇಲ್ಲಿರೋರು ಬಾಂಗ್ಲಾದೇಶದವರು ಅಂತ. ಆಗಿನ ನಮ್ಮ ಶಾಸಕರೂ ಅದನ್ನ ಟ್ವೀಟ್ ಮಾಡಿದ್ರು. ಕೆಲವೇ ದಿನದಲ್ಲಿ ಜೆಸಿಬಿ ಬಂತು. ಜೋಪಡಿ ನೆಲಸಮ. ಆಮೇಲೆ ನೋಡಿದ್ರೆ ಅಲ್ಲಿದ್ದೋರು ಅಸ್ಸಾಂ, ತ್ರಿಪುರಾ, ನಮ್ಮದೇ ಉತ್ತರ ಕರ್ನಾಟಕದ ಕೂಲಿಗಳು. ಆಧಾರ್ ಕಾರ್ಡು, ವೋಟರ್ ಕಾರ್ಡು ಹಿಡ್ಕೊಂಡು ಮುರಿದ ತಗಡಿನ ಮುಂದೆ ನಿಂತಿದ್ರು. ಪಿಯುಸಿಎಲ್ ಹೈಕೋರ್ಟಿಗೆ ಹೋಯ್ತು, ಕೋರ್ಟು ತೆರವಿಗೆ ತಡೆ ಕೊಟ್ಟಿತು.

ಕೋರ್ಟು ತಡೆ ಕೊಡುವಷ್ಟರಲ್ಲಿ ಪಾತ್ರೆ ಪಗಡೆ ಮಣ್ಣಾಗಿತ್ತು. ವಿಡಿಯೊ ಇವತ್ತಿಗೂ ಯಾರದೋ ಫೋನಲ್ಲಿ ಜೀವಂತ ಇರುತ್ತೆ, ಜೋಪಡಿ ಇಲ್ಲ. ನಮ್ಮ ಅಪಾರ್ಟ್‌ಮೆಂಟುಗಳ ಪಾತ್ರೆ ತೊಳೆಯೋರು, ಕಸ ಎತ್ತೋರು, ಸೆಕ್ಯೂರಿಟಿ ಕೆಲಸದೋರು ಇಂಥ ಜೋಪಡಿಗಳಿಂದಲೇ ಬರೋದು. ಬೆಳಗ್ಗೆ ಏಳಕ್ಕೆ ಕೆಲಸದವಳು ಬರಲಿಲ್ಲ ಅಂತ ಗ್ರೂಪಲ್ಲಿ ಗೋಳಾಡೋರು, ಸಂಜೆ ಏಳಕ್ಕೆ ಜೋಪಡಿ ಖಾಲಿ ಮಾಡಿಸಿ ಅಂತ ಅದೇ ಗ್ರೂಪಲ್ಲಿ ಬರೀತಾರೆ. ಎರಡೂ ಒಂದೇ ಹೆಬ್ಬೆರಳಲ್ಲಿ.

*

ಇನ್ನು 2025ರ ದೊಡ್ಡ ಸುದ್ದಿ. ಆಗಸ್ಟ್ 7ರಂದು ದೆಹಲಿಯಲ್ಲಿ ರಾಹುಲ್ ಗಾಂಧಿ ದೊಡ್ಡ ಪರದೆ ಹಾಕಿಸಿ ನಮ್ಮ ಮಹದೇವಪುರದ ವೋಟರ್ ಲಿಸ್ಟ್ ತೋರಿಸಿದ್ರು. 2024ರ ಲೋಕಸಭೆ ಚುನಾವಣೆಯಲ್ಲಿ ಇಲ್ಲಿ 1,00,250 ವೋಟು ಕಳವಾಗಿದೆ ಅನ್ನೋದು ಅವರ ಆರೋಪ. ಡೋರ್ ನಂಬರ್ ಸೊನ್ನೆ, ಒಂದು ರೂಮಲ್ಲಿ ಎಂಬತ್ತು ಜನ, ಹಿಂಗೆಲ್ಲ. ಆರೋಪ ದಾರಿ ತಪ್ಪಿಸೋದು, ಪ್ರಮಾಣ ಮಾಡಿ ಸಹಿ ಹಾಕಿ ಕೊಡಿ ಅಂತು ಚುನಾವಣಾ ಆಯೋಗ. ಬೆಂಗಳೂರು ಸೆಂಟ್ರಲ್‌ನಲ್ಲಿ ಪಿ.ಸಿ. ಮೋಹನ್ ಗೆದ್ದ ಅಂತರ 32,707. ಮಹದೇವಪುರ ಒಂದರಲ್ಲೇ ಅವರಿಗೆ ಬಂದ ಲೀಡು 1,14,046. ಹಾಗಾಗಿ ನಮ್ಮ ಕ್ಷೇತ್ರದ ಹೆಸರು ಬಿಹಾರದ ಟೀ ಅಂಗಡೀಲೂ ಕೇಳಿಬಂತು. ಮಾಲೂರಿಂದ ನಮ್ಮ ಭಾವಮೈದ ಫೋನ್ ಮಾಡಿ, ಭಾವ ನಿಮ್ ಏರಿಯಾ ವರ್ಲ್ಡ್ ಫೇಮಸ್ ಆಯ್ತಲ್ಲ, ನಿಮ್ ವೋಟು ಐತಾ ಹೋಯ್ತಾ ಅಂದ.

ಕಳವು ಹೌದಾ ಅಲ್ವಾ, ತೀರ್ಮಾನ ಮಾಡ್ಬೇಕಾದೋರು ಮಾಡ್ಲಿ. ನಾನು ಹೇಳೋದು ಎರಡು ಮಾತು. ಒಂದು, ಈ ಕಡೆ ಬಾಡಿಗೆ ಮನೇಲಿರೋರ ಲಿಸ್ಟು ಕೆಡೋದು ಹೇಗೆ ಅಂತ ನನಗೆ ಸ್ವಂತ ಅನುಭವ ಇದೆ. ಮನೆ ಬದಲಾಯಿಸಿದ್ರೆ ಫಾರಂ 8 ತುಂಬಬೇಕು, ವಿಳಾಸಕ್ಕೆ ಪುರಾವೆ ಬೇಕು. ಓನರ್ ಅಗ್ರಿಮೆಂಟ್ ಮಾಡ್ಕೊಡಲ್ಲ. ಯಾಕಂದ್ರೆ ಟ್ಯಾಕ್ಸು, ಯಾಕಂದ್ರೆ ಭಯ. ಹನ್ನೊಂದು ತಿಂಗಳಿಗೆ ಬಾಡಿಗೆ ಏರುತ್ತೆ, ಇವನು ಮತ್ತೆ ಗಾಡಿ ಕಟ್ತಾನೆ. ಹೆಸರು ಹಳೇ ಮನೇಲೇ ಉಳಿಯುತ್ತೆ. ಅಲ್ಲಿಗೆ ಇನ್ನೊಬ್ಬ ಬರ್ತಾನೆ. ಹತ್ತು ವರ್ಷದಲ್ಲಿ ಒಂದು ಸಣ್ಣ ರೂಮಿನ ಹೆಸರಲ್ಲಿ ಎಷ್ಟು ಜನ ಸೇರ್ಕೋಬಹುದು ಲೆಕ್ಕ ಹಾಕಿ. ಕಳ್ಳ ಇರಬಹುದು, ಇಲ್ಲದಿರಬಹುದು. ಆದ್ರೆ ಬಾಗಿಲು ಹೀಗೆ ಹಾರು ಹೊಡೆದಿದ್ರೆ ಕಳ್ಳನಿಗೂ ಸುಲಭ, ಮನೆಯವನ ಮೇಲೆ ಗುಮಾನಿ ಪಡೋರಿಗೂ ಸುಲಭ.

ಎರಡನೇ ಮಾತು. ಆ ವಾರ ನಾನು ನೋಡಿದ ವಿಡಿಯೊಗಳಲ್ಲಿ, ಓದಿದ ಪೋಸ್ಟುಗಳಲ್ಲಿ ಒಂದರಲ್ಲೂ ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ ಅನ್ನೋ ಮಾತು ಬರಲಿಲ್ಲ. 2008ರಲ್ಲಿ ಕ್ಷೇತ್ರ ಹುಟ್ಟಿದಾಗಿಂದ ಮೀಸಲು. ಐಟಿ ಪಾರ್ಕು, ಮಾಲು, ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟು, ಇದೇ ಮಹದೇವಪುರ ಅಂತ ಎಲ್ಲರಿಗೂ. ನಮ್ಮೋರ ಹೆಸರಲ್ಲಿ ಇರೋ ಕ್ಷೇತ್ರದಲ್ಲಿ ನಮ್ಮೋರೇ ಕಾಣಲ್ಲ. ಕಾಣದೇ ಇರೋ ಹಂಗೆ ಇರೋದನ್ನ ನಾವೂ ಕಲ್ತಿದೀವಿ. ಅದೇ ನಮ್ಮನೆ ಮಾತು. ಬಂದೇಬಿಡ್ತು. ಇನ್ನೊಂದು ಸುತ್ತು ಹಾಕಿ ಬರ್ತೀನಿ.

*

ನಾನ್ಯಾಕೆ ಬರೆಯೋಕೆ ಶುರು ಮಾಡಿದೆ?

2000ನೇ ಇಸವಿ ಮಾರ್ಚ್ 11. ನಾನಾಗ ಬಿಎ ಓದ್ತಿದ್ದೆ, ಹಾಸ್ಟೆಲ್ ಹುಡುಗ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಮನೆ ಒಳಗೇ ಸುಟ್ಟುಹಾಕಿದ್ರು. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. ಫೋನಿಲ್ಲ, ಫೇಸ್‌ಬುಕ್ ಇಲ್ಲ. ಪೇಪರಲ್ಲಿ ನೋಡಿದ್ವಿ. ಒಂದೇ ಪೇಪರು ಹಾಸ್ಟೆಲ್ ಪೂರ್ತಿ ಕೈಯಿಂದ ಕೈಗೆ ಹೋಗಿ ಸಂಜೆ ಹೊತ್ತಿಗೆ ಬಟ್ಟೆ ಥರ ಮೆತ್ತಗಾಗಿತ್ತು. ಡಿಎಸ್‌ಎಸ್ ಅಣ್ಣಂದಿರ ಜೊತೆ ಮೆರವಣಿಗೆಗೆ ಹೋದೆ. ವಾಪಸ್ ಬಂದು ನೋಟ್‌ಬುಕ್ಕಲ್ಲಿ ನಾಲ್ಕು ಪುಟ ಬರೆದೆ. ಒಂದು ಪತ್ರಿಕೆಗೆ ಕಳಿಸಿದೆ, ಬರಲಿಲ್ಲ. ಇನ್ನೊಂದಕ್ಕೆ ಕಳಿಸಿದೆ, ಅದೂ ಬರಲಿಲ್ಲ. ಚೆನ್ನಾಗಿರಲಿಲ್ಲವೇನೋ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದ್ರು. ಆಗ ನಾನು ಮಾರತಹಳ್ಳಿ ಹತ್ರ ಗುಮಾಸ್ತನ ಕೆಲಸಕ್ಕೆ ಸೇರಿ ಮೂರು ವರ್ಷ. ಅವತ್ತು ರಾತ್ರಿ ಸೈಬರ್ ಕೆಫೆಗೆ ಹೋಗಿ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು, ಆ ನಾಲ್ಕು ಪುಟಾನ ಬರಹದಲ್ಲಿ ಟೈಪ್ ಮಾಡಿದೆ. ಕೈ ಗೊತ್ತಿಲ್ಲ, ಒಂದು ಒತ್ತಕ್ಷರಕ್ಕೆ ಒಂದು ನಿಮಿಷ. ನನ್ನದೇ ಒಂದು ಬ್ಲಾಗ್ ಮಾಡಿ ಹಾಕಿದೆ. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆಗಿನ ಕಷ್ಟ ಈಗಿನ ಹುಡುಗರಿಗೆ ಗೊತ್ತಾಗಲ್ಲ. ನುಡಿಯಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪ್ಯೂಟರಲ್ಲಿ ತೆಗೆದ್ರೆ ಅರ್ಥವಿಲ್ಲದ ಗೀಟು ಚುಕ್ಕಿ. ಯೂನಿಕೋಡ್ ಹಾಕಿದ್ರೆ ಕೆಫೆ ಕಂಪ್ಯೂಟರಲ್ಲಿ ಚೌಕ ಚೌಕ ಡಬ್ಬಿ. ನನ್ನ ಮೊದಲ ಬರಹಕ್ಕೆ ಮೂರು ಕಾಮೆಂಟ್ ಬಂತು. ಒಂದು, ಅಕ್ಷರ ಕಾಣ್ತಿಲ್ಲ ಸಾರ್. ಎರಡು, ಇಂಗ್ಲಿಷಲ್ಲಿ ಬೈಗುಳ. ಮೂರನೇದು ರಾಯಚೂರಿನ ಒಬ್ಬ ಮೇಷ್ಟ್ರದ್ದು: ನಮ್ಮೂರಲ್ಲೂ ಇದೆ ತಮ್ಮ, ಬರೀತಿರು. ಆ ಮೂರನೇ ಕಾಮೆಂಟಿಗೋಸ್ಕರ ಹತ್ತೊಂಬತ್ತು ವರ್ಷ ಬರೆದಿದೀನಿ.

ಬಾಬಾಸಾಹೇಬರು 1920ರ ಜನವರಿ 31ಕ್ಕೆ ಮೂಕನಾಯಕ ಪತ್ರಿಕೆ ತಂದ್ರು. ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟು ನೆರವಾದ್ರು. ಆ ಪತ್ರಿಕೆಯ ಜಾಹೀರಾತನ್ನ ದುಡ್ಡು ಕೊಡ್ತೀವಿ ಅಂದ್ರೂ ಕೇಸರಿ ಪತ್ರಿಕೆ ಹಾಕಲಿಲ್ಲ. ಬೇರೆಯವರ ಪುಟದಲ್ಲಿ ನಮಗೆ ಜಾಗ ಇಲ್ಲ ಅಂತ ಗೊತ್ತಾದ ಮೇಲೆ ನಮ್ಮ ಪುಟ ನಾವೇ ಮಾಡ್ಕೊಂಡ್ವಿ. ಆಮೇಲೆ ನಮ್ಮ ಕರ್ನಾಟಕದಲ್ಲಿ ಪಂಚಮ ಬಂತು. ಕಾಸಿಲ್ಲದೆ ನಿಂತ ಪತ್ರಿಕೆಗಳೆಷ್ಟೋ. ಈ ಫೋನು ಕಾಸು ಕೇಳಲ್ಲ. ಅದಕ್ಕೇ ನಮ್ಮ ಹುಡುಗರು ಇದನ್ನ ಗಟ್ಟಿಯಾಗಿ ಹಿಡ್ಕೊಂಡಿದಾರೆ.

ಹಾಗಂತ ಇದು ನಮ್ಮ ಪುಟವೂ ಅಲ್ಲ, ನೆನಪಿರಲಿ. ಹಿಂದೆ ಬೇರೊಂದು ಜಾಲತಾಣದಲ್ಲಿ ನಾನು ಮಾದಿಗ ಅಂತ ಬರೆದಿದ್ದಕ್ಕೆ ಪೋಸ್ಟ್ ತೆಗೆದುಹಾಕಿದ್ರು. ಆ ಪದ ಬೈಗುಳವಂತೆ, ದ್ವೇಷದ ಮಾತಂತೆ. ನನ್ನನ್ನ ಬೈದೋನ ಪೋಸ್ಟ್ ಹಾಗೇ ಇತ್ತು, ಯಾಕಂದ್ರೆ ಅವನು ನಿಮ್ಮೋರು ಅಂತಷ್ಟೇ ಬರೆದಿದ್ದ. ಮಷೀನಿಗೆ ಪದ ಗೊತ್ತು, ಬಾಯಿ ಯಾರದು ಅಂತ ಗೊತ್ತಿಲ್ಲ. ಇದೂ ಬಾಡಿಗೆ ಮನೆಯೇ. ಓನರ್ ಯಾವಾಗ ಬೇಕಾದ್ರೂ ಖಾಲಿ ಮಾಡಿ ಅನ್ನಬಹುದು.

*

ಸರಿ. ಬಾಡಿಗೆ ಮನೆ ಅಂದ ಮೇಲೆ ಹೇಳಿಬಿಡ್ತೀನಿ. ಚಾರ್ಜು ಹತ್ತೊಂಬತ್ತಕ್ಕೆ ಇಳಿದಿದೆ.

ಆರು ವರ್ಷದ ಹಿಂದೆ ಈಗಿನ ಮನೆಗೆ ಬಂದ್ವಿ. ಮೊದಲನೇ ಮಹಡಿ, ಎರಡು ರೂಮು, ಕೆಳಗೆ ಓನರ್. ಮನೆ ನೋಡೋಕೆ ಹೋದಾಗ ಓನರ್ ಆಂಟಿ ಕೇಳಿದ್ರು, ಎಲ್ಲಿಯೋರು? ಮಾಲೂರು ಕಡೆ ಅಂದೆ. ನಾನ್‌ವೆಜ್ಜಾ? ಭಾನುವಾರ ಮಾಡ್ತೀವಿ ಅಂದೆ. ಗೌಡ್ರಾ ಅಂದ್ರು. ನಾನು ನಕ್ಕೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬರೀ ನಕ್ಕೆ. ಅದಕ್ಕೆ ಮುಂಚೆ ಮೂರು ಮನೇಲಿ ನಿಜ ಹೇಳಿದ್ದೆ. ಮೂರರಲ್ಲೂ ಮನೆ ಆಗಲೇ ಬೇರೆಯವರಿಗೆ ಮಾತಾಗಿತ್ತು. ಟು ಲೆಟ್ ಬೋರ್ಡ್ ಮಾತ್ರ ಮುಂದಿನ ತಿಂಗಳೂ ನೇತಾಡ್ತಿತ್ತು.

ಮನೆಗೆ ಬಂದ ವಾರವೇ ನನ್ನ ಫೇಸ್‌ಬುಕ್ ಸೆಟ್ಟಿಂಗ್ ಪಬ್ಲಿಕ್‌ನಿಂದ ಫ್ರೆಂಡ್ಸ್‌ಗೆ ಮಾತ್ರ ಅಂತ ಬದಲಾಯಿಸಿದೆ. ಹಳೇದನ್ನೆಲ್ಲ ಒಂದೇ ಬಟನಲ್ಲಿ ಮುಚ್ಚಿದೆ. ಡಿಪಿಯಲ್ಲಿದ್ದ ಬಾಬಾಸಾಹೇಬರನ್ನ ತೆಗೆದು ದೊಡ್ಡನೆಕ್ಕುಂದಿ ಕೆರೆಯ ಸೂರ್ಯಾಸ್ತ ಹಾಕಿದೆ. ಆಗ ನಿಮ್ಮಲ್ಲಿ ಕೆಲವರು, ಏನಣ್ಣ ಪ್ರಕೃತಿಪ್ರೇಮಿ ಆಗ್ಬಿಟ್ರಿ ಅಂತ ಕಾಮೆಂಟ್ ಹಾಕಿದ್ರಿ. ಹಾರ್ಟ್ ಒತ್ತಿ ಸುಮ್ಮನಾದೆ. ಕಾರಣ ಇದು.

2025ರ ಮೇ 5ಕ್ಕೆ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ಶುರುವಾಯ್ತು. ಒಳಮೀಸಲಾತಿಗಾಗಿ ನಮ್ಮ ಜನ ಮೂವತ್ತು ವರ್ಷ ಬೀದಿಯಲ್ಲಿ ನಿಂತಿದ್ದು, ಸದಾಶಿವ ಆಯೋಗದ ವರದಿ ಧೂಳು ತಿಂದಿದ್ದು, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣ ಮಾಡಬಹುದು ಅಂದಿದ್ದು, ಎಲ್ಲ ನಿಮಗೆ ಗೊತ್ತು. ನಾನೂ ಏಪ್ರಿಲ್‌ನಿಂದ ದಿನಕ್ಕೆ ಎರಡು ಪೋಸ್ಟ್ ಹಾಕ್ತಿದ್ದೆ. ಎಕೆ ಎಡಿ ಅಂತ ಬರೆಸಿ ಸುಮ್ಮನಾಗಬೇಡಿ. ಒಂದು ಜಿಲ್ಲೆಯಲ್ಲಿ ಆದಿ ಕರ್ನಾಟಕ ಅಂದ್ರೆ ಹೊಲೆಯರು, ಪಕ್ಕದ ಜಿಲ್ಲೆಯಲ್ಲಿ ಅದೇ ಹೆಸರು ಅಂದ್ರೆ ಮಾದಿಗರು, ಮೂಲ ಜಾತಿ ಬರೆಸದಿದ್ರೆ ನೀವು ಲೆಕ್ಕಕ್ಕೇ ಸಿಗಲ್ಲ. ಸಿಟಿಯಲ್ಲಿರೋರು ನಾಚ್ಕೋಬೇಡಿ, ಬಾಗಿಲಿಗೆ ಬಂದಾಗ ಎದೆ ಉಬ್ಬಿಸಿ ಹೇಳಿ. ಹೀಗೆ ಬರೆದಿದ್ದೆ. ಎದೆ ಉಬ್ಬಿಸಿ ಅನ್ನೋ ಪದ ನಂದೇ. ಇನ್ನೂರಕ್ಕೂ ಹೆಚ್ಚು ಶೇರ್ ಆಯ್ತು.

ನಮ್ಮ ಮನೆಗೆ ಬಂದಾಗ ನಾನು ಆಫೀಸಲ್ಲಿದ್ದೆ. ಒಬ್ರು ಟೀಚರ್ ಬಂದಿದ್ರಂತೆ, ಬಿಸಿಲಲ್ಲಿ, ಪಾಪ. ಓನರ್ ಆಂಟಿ ಗೇಟಲ್ಲಿ ಗಿಡಕ್ಕೆ ನೀರು ಹಾಕ್ತಿದ್ರು. ಟೀಚರ್, ಈ ಬಿಲ್ಡಿಂಗಲ್ಲಿ ಎಸ್ಸಿಯವರು ಯಾರಾದ್ರೂ ಇದಾರಾ ಅಂತ ಕೇಳಿದ್ರು. ನಮ್ಮಲ್ಲಿ ಅಂಥೋರು ಯಾರೂ ಇಲ್ಲ ಮೇಡಂ ಅಂದ್ರು ಆಂಟಿ. ಅಂದು, ಮೇಲೆ ಬಟ್ಟೆ ಒಣಗಿಸ್ತಿದ್ದ ನನ್ನ ಹೆಂಡತಿ ಕಡೆ ನೋಡಿ, ಅಲ್ವೇನಮ್ಮ ಅಂದ್ರು. ಇವಳು ಹೌದು ಆಂಟಿ, ಇಲ್ಲ ಅಂದ್ಲು. ಟೀಚರ್ ಏನೋ ಗುರುತು ಹಾಕ್ಕೊಂಡು ಮುಂದಿನ ಮನೆಗೆ ಹೋದ್ರು.

ರಾತ್ರಿ ಅವಳೇ ಹೇಳಿದ್ಲು. ನನಗೆ ತಲೆ ಕೆಟ್ಟುಹೋಯ್ತು. ಒಂದು ಮನೆ, ನಾಲ್ಕು ತಲೆ, ಲೆಕ್ಕದಿಂದ ಹೋಯ್ತಲ್ಲ, ಅದೂ ನನ್ನ ಮನೆ ಅಂದೆ. ಜೋರಾಗಿ ಅನ್ನೋಕೂ ಆಗಲ್ಲ, ಕೆಳಗೆ ಕೇಳುತ್ತೆ. ಅವಳು ಒಂದೇ ಮಾತು ಅಂದ್ಲು. "ನೀವು ಫೇಸ್‌ಬುಕ್‌ನಲ್ಲಿ ಮಾದಿಗ ಅಂತ ಬರೀತೀರ, ಐದು ಸಾವಿರ ಜನ ಲೈಕ್ ಒತ್ತುತ್ತಾರೆ. ಸಂಪಿಂದ ನೀರು ಬಿಡಿ ಆಂಟಿ ಅಂತ ದಿನಾ ಕೇಳೋಳು ನಾನು."

ಏನು ಉತ್ತರ ಕೊಡಲಿ? ಮೋಟರ್ ಸ್ವಿಚ್ಚು ಕೆಳಗಡೆ ಮನೆ ಒಳಗಿದೆ. ನೀರಿನ ವಿಷಯದಲ್ಲಿ ನಮ್ಮೋರಿಗೆ ಯಾರೂ ಪಾಠ ಮಾಡಬೇಕಿಲ್ಲ. ನಮ್ಮಜ್ಜಿ ಊರ ಬಾವಿ ಹತ್ರ ಕೊಡ ಇಟ್ಕೊಂಡು ಯಾರಾದ್ರೂ ಸೇದಿ ಹಾಕಲಿ ಅಂತ ಕಾಯ್ತಿದ್ಲು. ನನ್ನ ಹೆಂಡತಿ ಬಿಎಂಟಿಸಿ ಪಾಸಿರೋ ಸಿಟಿಯಲ್ಲಿ, ಮೀಸಲು ಕ್ಷೇತ್ರದಲ್ಲಿ, ಪೈಪಿನ ಕೆಳಗೆ ಕಾಯ್ತಾಳೆ. ವ್ಯತ್ಯಾಸ ಏನಂದ್ರೆ ಅಜ್ಜಿ ಸುಳ್ಳು ಹೇಳಬೇಕಾಗಿರಲಿಲ್ಲ.

ಅವಳ ಮೇಲೆ ಸಿಟ್ಟು ಮಾಡ್ಕೊಳ್ಳೋ ಹಕ್ಕೂ ನನಗಿಲ್ಲ. ಅವಳು ಇಲ್ಲ ಅಂದದ್ದು ಈಗ. ನಾನು ನಕ್ಕಿದ್ದು ಆರು ವರ್ಷದ ಹಿಂದೆ.

ಆಮೇಲೆ ಆಯೋಗ ಆನ್‌ಲೈನ್‌ನಲ್ಲಿ ಸ್ವಯಂ ಘೋಷಣೆಗೆ ಅವಕಾಶ ಕೊಟ್ಟಿತು. ಒಂದು ಮಧ್ಯಾಹ್ನ ಆಫೀಸಲ್ಲಿ, ಎಲ್ಲರೂ ಊಟಕ್ಕೆ ಹೋದಾಗ, ಕಂಪ್ಯೂಟರ್ ಪರದೆ ಗೋಡೆ ಕಡೆ ತಿರುಗಿಸ್ಕೊಂಡು ನಾಲ್ಕೂ ಜನರ ಹೆಸರು ತುಂಬಿದೆ. ಜಾತಿ ಕಾಲಮ್ಮಲ್ಲಿ ಮಾದಿಗ ಅಂತ ಆರಿಸಿದೆ. ಸಬ್ಮಿಟ್ ಆಯ್ತು. ಎದೆ ಉಬ್ಬಲಿಲ್ಲ, ಹಿಂದೆ ತಿರುಗಿ ನೋಡಿದೆ, ಯಾರಾದ್ರೂ ಬಂದ್ರಾ ಅಂತ.

ಆಗಸ್ಟ್ 4ಕ್ಕೆ ವರದಿ ಬಂತು. 1 ಕೋಟಿ 5 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ. ಅದರಲ್ಲಿ ಸುಮಾರು 4.75 ಲಕ್ಷ ಜನ ಎಕೆ, ಎಡಿ, ಎಎ ಅಂತಷ್ಟೇ ಬರೆಸಿ ಮೂಲ ಜಾತಿ ಹೇಳಿರಲಿಲ್ಲ. 19ನೇ ತಾರೀಕು ಸಂಪುಟ 6-6-5 ಅಂತ ತೀರ್ಮಾನ ಮಾಡಿತು. ಯಾರಿಗೆ ಎಷ್ಟು ಬೇಕಿತ್ತು ಅನ್ನೋ ಜಗಳ ಇವತ್ತು ಬೇಡ. ನನ್ನ ಚಿಂತೆ ಬೇರೆ. ಬೆಂಗಳೂರಲ್ಲಿ ಸಮೀಕ್ಷೆ ಹಿಂದೆ ಬಿತ್ತು, ಗಡುವು ಮೇಲೆ ಗಡುವು ಮುಂದೆ ಹೋಯ್ತು. ಮನೆಯವರನ್ನ ಮಾತಾಡಿಸದೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋಗೋ ವಿಡಿಯೊ ಜುಲೈನಲ್ಲಿ ವೈರಲ್ ಆಗಿ ಕೆಲವರು ಅಮಾನತೂ ಆದ್ರು. ಅದನ್ನ ನಾನೂ ಶೇರ್ ಮಾಡಿ ಬೈದೆ. ಬೈಯಬೇಕಾದ್ದೇ. ಆದ್ರೆ ಬಾಗಿಲು ತೆಗೆದು ಇಲ್ಲ ಅಂದ ಮನೆಗಳೆಷ್ಟು? ಗೇಟಲ್ಲಿ ಓನರ್ ನಿಂತಿದಾರೆ ಅಂತ ನಕ್ಕು ಸುಮ್ಮನಾದ ನನ್ನಂಥೋರೆಷ್ಟು? ಅದರ ವಿಡಿಯೊ ಯಾರ ಹತ್ರಾನೂ ಇಲ್ಲ. ನಾವು ನಾವೇ ಹೇಳ್ಕೋಬೇಕು.

*

ಇನ್ನು ಕೊನೇದು. ಐದು ವಾರದ ಹಿಂದೆ ನನಗೊಂದು ಫ್ರೆಂಡ್ ರಿಕ್ವೆಸ್ಟ್ ಬಂತು. ಓನರ್ ಮಗ. ಎಂಜಿನಿಯರಿಂಗ್ ಓದ್ತಿದಾನೆ, ಒಳ್ಳೇ ಹುಡುಗ. ನಮ್ಮ ಗ್ಯಾಸ್ ಸಿಲಿಂಡರ್ ಮೇಲಕ್ಕೆ ಹೊತ್ಕೊಂಡು ಬಂದು ಕೊಡ್ತಾನೆ. ಹೇಗೆ ಸಿಕ್ಕಿದೆ ಇವನಿಗೆ? ಫೋನ್ ನಂಬರ್ ಇರೋದಕ್ಕೆ ಆಪೇ ನನ್ನ ಹೆಸರು ತೋರಿಸಿರಬಹುದು. ಇಲ್ಲಾ, ಯಾರೋ ಶೇರ್ ಮಾಡಿದ ನನ್ನ ಬರಹ ಓದಿ, ಗೊತ್ತಿದ್ದೇ ಕಳಿಸಿರಬಹುದು. ಗೊತ್ತಿಲ್ಲ. ಅಕ್ಸೆಪ್ಟ್ ಮಾಡಿದ್ರೆ ಹತ್ತೊಂಬತ್ತು ವರ್ಷದ ನಾನು ಅವನಿಗೆ ಕಾಣ್ತೀನಿ. ಡಿಲೀಟ್ ಮಾಡಿದ್ರೆ ಮೆಟ್ಟಿಲ ಮೇಲೆ ಸಿಕ್ಕಾಗ ಮುಖ ತಪ್ಪಿಸಬೇಕು. ಹಾಗಾಗಿ ಎರಡೂ ಮಾಡಿಲ್ಲ. ಐದು ವಾರ.

ಮೊನ್ನೆ ಮಗಳು ನನ್ನ ಫೋನ್ ನೋಡ್ತಾ ಕೇಳಿದ್ಲು. ಅಪ್ಪ, ಅಣ್ಣಂದು ರಿಕ್ವೆಸ್ಟ್ ಯಾಕೆ ಇನ್ನೂ ಪೆಂಡಿಂಗ್ ಇಟ್ಟಿದೀಯ? ಮರೆತುಬಿಟ್ಟೆ ಅಂದೆ. ಪಿಯುಸಿ ಓದೋ ಹುಡುಗಿ, ಅವಳಿಗೆ ಎಲ್ಲ ಗೊತ್ತು. ಕಾಲೇಜಲ್ಲಿ ಸ್ಕಾಲರ್‌ಶಿಪ್ ಫಾರಂ ತುಂಬುವಾಗ ಅವಳು ಎಲ್ಲರ ಮುಂದೆ ಕೈ ಎತ್ತಿ ನಿಂತೋಳು. ನನ್ನ ಮುಖ ನೋಡಿ, ಸರಿ ಅಂದು ಫೋನ್ ವಾಪಸ್ ಕೊಟ್ಲು. ಆ ಸರಿ ಅನ್ನೋ ಮಾತು ಮೂರು ದಿನದಿಂದ ಕಿವೀಲಿದೆ.

ಇದನ್ನ ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳ ವಿಷಯ ಇದೆಯಲ್ಲ, ಅವಳು ಬೇಡ ಅಂದಿದ್ರೆ ಹಾಕ್ತಿರಲಿಲ್ಲ. ಪೂರ್ತಿ ಕೇಳಿದ್ಲು. ಒಂದು ಸಾಲು ತೆಗೆಸಿದ್ಲು, ಯಾವುದು ಅಂತ ಹೇಳಲ್ಲ. ಆಮೇಲೆ, ಅಡ್ವಾನ್ಸ್ ದುಡ್ಡು ವಾಪಸ್ ಕೊಡ್ತಾರಾ ಅಂತ ಕೇಳಿದ್ಲು. ಕೊಡ್ತಾರೆ ಅಂದೆ. ಬಿಡಿಸಿದ್ರೆ ಮಾತ್ರ ತಾನೆ ಅಂದೆ. ಬಿಡಿಸದೇನೂ ಇರಬಹುದು. ಆರು ವರ್ಷದಲ್ಲಿ ಆಂಟಿ ನಮಗೆ ಹಬ್ಬದ ಒಬ್ಬಟ್ಟು ಕಳಿಸಿದಾರೆ, ನಾವು ಕಳಿಸಿದ್ದು ಅವರೂ ತಿಂದಿದಾರೆ. ತಿಂದದ್ದು ಯಾರ ಮನೇದು ಅಂತ ಈಗ ಗೊತ್ತಾಗುತ್ತೆ. ಗೊತ್ತಾದ ಮೇಲೆ ಅವರು ಏನು ಮಾಡ್ತಾರೆ ಅನ್ನೋದು ಅವರ ಪರೀಕ್ಷೆ. ನನ್ನದು ಇವತ್ತು ಬರೆದೆ.

ಈ ಪೋಸ್ಟ್ ಪಬ್ಲಿಕ್ ಮಾಡಿದೀನಿ, ಮೇಲೆ ಭೂಗೋಳದ ಗುರುತು ಕಾಣುತ್ತೆ ನೋಡಿ. ಆರು ವರ್ಷದಲ್ಲಿ ಮೊದಲ ಸಲ. ಡಿಪಿ ಬದಲಾಯಿಸಿದೀನಿ, ಕೆರೆ ಹೋಯ್ತು, ಬಾಬಾಸಾಹೇಬರು ವಾಪಸ್ ಬಂದ್ರು. ಇದನ್ನ ಹಾಕಿದ ಮೇಲೆ ಆ ರಿಕ್ವೆಸ್ಟ್ ಅಕ್ಸೆಪ್ಟ್ ಮಾಡ್ತೀನಿ.

ನಿಮ್ಮಲ್ಲಿ ಯಾರಾದ್ರೂ ನನ್ನ ಹಾಗೆ ನಕ್ಕು ಮನೆ ಹಿಡಿದೋರಿದ್ರೆ ಕಾಮೆಂಟಲ್ಲಿ ಬರೀರಿ. ಬರೆಯೋಕಾಗದಿದ್ರೆ ಬೇಡ, ಇನ್‌ಬಾಕ್ಸಿಗೆ ಬನ್ನಿ. ನಾನು ಯಾರಿಗೂ ಎದೆ ಉಬ್ಬಿಸಿ ಅಂತ ಇನ್ನು ಹೇಳಲ್ಲ. ಅದರ ಬೆಲೆ ಎಷ್ಟು ಅಂತ ಮೊದಲು ನಾನು ನೋಡ್ತೀನಿ.

ಹಾಗೇ ಒಂದು ಮಾತು. ದೊಡ್ಡನೆಕ್ಕುಂದಿ, ಮಹದೇವಪುರ, ಕಗ್ಗದಾಸಪುರ ಕಡೆ ಎರಡು ರೂಮಿನ ಮನೆ, ಹದಿನೈದು ಸಾವಿರದೊಳಗೆ, ನೀರಿನ ಸ್ವಿಚ್ಚು ಬಾಡಿಗೆದಾರನ ಕೈಗೆ ಸಿಗೋ ಹಂಗಿದ್ರೆ ತಿಳಿಸಿ. ಬೇಕಾಗಬಹುದು, ಬೇಕಾಗದೇನೂ ಇರಬಹುದು.

ಚಾರ್ಜು ಆರು ಪರ್ಸೆಂಟ್.

ಜೈಭೀಮ್.